ಜಿಗಿತದ ಎತ್ತರ ನೆಲದ ಮೇಲೆಯೇ ನಿರ್ಧಾರವಾಗುತ್ತದೆ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ, ಊರು ಕುಂದಾಪುರದ ಕಡೆ. ಮಗಳಿಗೆ 15 ವರ್ಷ, ತೂಕ 50 ಕಿಲೋ. ಶಾಲೆಯ ವಾಲಿಬಾಲ್ ತಂಡದಲ್ಲಿದ್ದಾಳೆ. ಆಟ ಚೆನ್ನಾಗಿದೆ, ಆದರೆ ಜಿಗಿತ ಸಾಲದು ಎಂದು ತರಬೇತುದಾರರು ದಿನಕ್ಕೆ 200 ಸಲ ಜಿಗಿಯಲು ಹೇಳಿದ್ದಾರೆ. ಕಾಲಿಗೆ ಮರಳಿನ ಪಟ್ಟಿ ಕಟ್ಟಿಕೊಂಡು ಮೆಟ್ಟಿಲು ಹತ್ತಲೂ ಹೇಳಿದ್ದಾರೆ. ಎರಡು ತಿಂಗಳಿಂದ ನಮ್ಮ ಕಟ್ಟಡದ ತಾರಸಿಯಲ್ಲಿ ಇದನ್ನೆಲ್ಲ ಮಾಡುತ್ತಿದ್ದಾಳೆ. ಎತ್ತರ ಹೆಚ್ಚಿಲ್ಲ, ಮಂಡಿಚಿಪ್ಪಿನ ಕೆಳಗೆ ನೋವು ಮಾತ್ರ ಶುರುವಾಗಿದೆ. ಬೆರಳಿಗೆ ಸೀಮೆಸುಣ್ಣ ಹಚ್ಚಿ ಗೋಡೆಯ ಮೇಲೆ ಅಳೆದರೆ 40 ಸೆಂಟಿಮೀಟರ್ ಬರುತ್ತದೆ. ಸೊಂಟದ ಮೇಲೆ ಕೈಯಿಟ್ಟು ಜಿಗಿಯಲು ಹೇಳುವ ಮೊಬೈಲ್ ಆ್ಯಪ್ 28 ತೋರಿಸುತ್ತದೆ. ಯಾವುದು ಸರಿ? ಮೀನಖಂಡ ಬಲಪಡಿಸಬೇಕು ಎಂದು ಕೆಲವರು, ಮೂರು ಕಿಲೋ ಇಳಿಸಬೇಕು ಎಂದು ಇನ್ನು ಕೆಲವರು ಹೇಳುತ್ತಾರೆ. ಊರಿನ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಆಡಿದ ನಮ್ಮ ಯಜಮಾನರಂತೂ ಜಿಗಿತ ಹುಟ್ಟಿನಿಂದಲೇ ಬರಬೇಕು ಎನ್ನುತ್ತಾರೆ. ದೀಪಾವಳಿ ರಜೆಗೆ ಮಡಗಾಂವಿನ ಅಣ್ಣನ ಮನೆಗೆ ಹೋಗುತ್ತೇವೆ. ಆಗ ಅಲ್ಲಿನ ಕೋಲ್ವಾ ಕಡಲತೀರದ ಮರಳಿನ ಮೇಲೆ ಅಭ್ಯಾಸ ಮಾಡಿಸಬಹುದೇ?

ಉತ್ತರ: ಮೊದಲು ಮಂಡಿಯ ವಿಷಯ. 200 ಜಿಗಿತಗಳನ್ನು ಇವತ್ತಿನಿಂದಲೇ ನಿಲ್ಲಿಸಿ. ಮರಳಿನ ಪಟ್ಟಿಯನ್ನೂ ಎತ್ತಿಡಿ. ಇದು ತರಬೇತುದಾರರ ಮೇಲಿನ ದೂರಲ್ಲ. ಹೆಚ್ಚು ಸಲ ಜಿಗಿದರೆ ಹೆಚ್ಚು ಎತ್ತರ ಜಿಗಿಯಬಹುದು ಎಂಬ ನಂಬಿಕೆ ನಮ್ಮ ಮೈದಾನಗಳಲ್ಲೆಲ್ಲ ಇದೆ, ಶ್ರದ್ಧೆಯಿಂದ ಕಲಿಸುವವರಲ್ಲೂ ಇದೆ. ಆದರೆ ದೇಹ ನೆಲವನ್ನು ಒತ್ತಿ ಮೇಲೇಳುವ ಕ್ರಮಕ್ಕೂ ಆ ನಂಬಿಕೆಗೂ ತಾಳೆಯಾಗುವುದಿಲ್ಲ. ಏಕೆ ಎಂಬುದನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ದಯವಿಟ್ಟು ಇದನ್ನು ಮಗಳಿಗೂ ಓದಲು ಕೊಡಿ. ಅವಳು ಶಾಲೆಯಲ್ಲಿ ಓದಿರುವ ನ್ಯೂಟನ್ನನ ನಿಯಮಗಳಷ್ಟೇ ಇದಕ್ಕೆ ಸಾಕು, ಮತ್ತು ಕಾರಣ ತಿಳಿದುಕೊಂಡು ಅಭ್ಯಾಸ ಮಾಡುವ ಆಟಗಾರ್ತಿಯನ್ನು ಯಾರೂ ದಾರಿ ತಪ್ಪಿಸಲಾರರು.

ನೋವಿರುವ ಜಾಗವನ್ನು ಒಂದೇ ಬೆರಳಿನಿಂದ ತೋರಿಸಲು ಅವಳಿಗೆ ಹೇಳಿ. ಬೆರಳು ಮಂಡಿಚಿಪ್ಪಿನ ಕೆಳತುದಿಗೆ ಹೋದರೆ, ಚಿಪ್ಪನ್ನು ಮೊಣಕಾಲಿನ ಕೆಳಗಿನ ಎಲುಬಿಗೆ ಕಟ್ಟಿರುವ ಸ್ನಾಯುರಜ್ಜು ದಣಿದಿದೆ ಎಂದು ಊಹಿಸಬಹುದು. ಜಿಗಿಯುವ ಆಟಗಾರರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಇದನ್ನು ಜಿಗಿತಗಾರರ ಮಂಡಿ ಎಂದೇ ಕರೆಯುತ್ತಾರೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾರ್ವೆಯ ಉನ್ನತ ಮಟ್ಟದ ಆಟಗಾರರನ್ನು ಪರೀಕ್ಷಿಸಿದಾಗ ವಾಲಿಬಾಲ್ ಆಟಗಾರರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ಈ ತೊಂದರೆ ಇತ್ತು. ಬೆರಳು ಇನ್ನೂ ಕೆಳಗೆ, ಮುಂಗಾಲಿನ ಎಲುಬಿನ ಮೇಲ್ಭಾಗದ ಉಬ್ಬಿಗೆ ಹೋದರೆ, ಅದು ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಕಾಣುವ ಬೇರೆ ತೊಂದರೆ, ಆಸ್‌ಗುಡ್-ಶ್ಲಾಟರ್. ಅಲ್ಲಿ ರಜ್ಜು ಅಂಟಿಕೊಂಡಿರುವ, ಇನ್ನೂ ಪೂರ್ತಿ ಗಟ್ಟಿಯಾಗದ ಎಲುಬಿನ ಭಾಗವನ್ನು ಸ್ನಾಯು ಪದೇ ಪದೇ ಜಗ್ಗಿರುತ್ತದೆ. ಎರಡರಲ್ಲೂ ಮೊದಲ ಮದ್ದು ಜಿಗಿತದ ಹೊರೆ ಇಳಿಸುವುದು. ಹಾಗೆಂದು ಪೂರ್ತಿ ಮಲಗಿಸಬೇಡಿ. ಹೊರೆಯೇ ಇಲ್ಲದಿದ್ದರೆ ಸ್ನಾಯುರಜ್ಜು ಇನ್ನಷ್ಟು ದುರ್ಬಲವಾಗುತ್ತದೆ. ಗೋಡೆಗೆ ಬೆನ್ನು ಆನಿಸಿ ಅರೆಕುಳಿತ ಭಂಗಿಯಲ್ಲಿ 30ರಿಂದ 45 ಸೆಕೆಂಡು ಅಲುಗದೆ ನಿಲ್ಲುವುದು, ನಡುವೆ ವಿರಾಮ ಕೊಟ್ಟು ನಾಲ್ಕೈದು ಸಲ ಮಾಡುವುದು, ಈ ಹಂತಕ್ಕೆ ಒಳ್ಳೆಯದು. ಮಾಡುವಾಗ ನೋವು ಹೆಚ್ಚಾದರೆ ಕುಳಿತ ಆಳವನ್ನು ಕಡಿಮೆ ಮಾಡಲಿ. ಮಂಡಿ ಊದಿಕೊಂಡರೆ, ನಡುವೆ ಸಿಕ್ಕಿಕೊಂಡರೆ, ಕುಸಿದಂತಾದರೆ ಅಥವಾ ರಾತ್ರಿ ನೋವಿನಿಂದ ನಿದ್ರೆ ಕೆಟ್ಟರೆ ಇದನ್ನೆಲ್ಲ ಬಿಟ್ಟು ಮೂಳೆ ತಜ್ಞರಿಗೆ ತೋರಿಸಿ.

ಇನ್ನು ಜಿಗಿತ. ಕಾಲು ನೆಲ ಬಿಟ್ಟ ಮೇಲೆ ದೇಹದ ಗುರುತ್ವ ಕೇಂದ್ರ (ದೇಹದ ತೂಕವೆಲ್ಲ ಒಂದೆಡೆ ನೆಲೆಸಿದೆ ಎಂದು ಭಾವಿಸಬಹುದಾದ ಬಿಂದು) ಎಷ್ಟು ಎತ್ತರಕ್ಕೆ ಹೋಗಬೇಕು ಎಂಬುದನ್ನು ಯಾರೂ ಬದಲಾಯಿಸಲಾರರು. ಗಾಳಿಯಲ್ಲಿ ಕಾಲು ಒದ್ದರೂ ಮೈ ಬಾಗಿಸಿದರೂ ಆ ಕೇಂದ್ರ ಸಾಗುವ ಹಾದಿ ಆಗಲೇ ಗೊತ್ತಾಗಿರುತ್ತದೆ. ಅದನ್ನು ಗೊತ್ತುಮಾಡುವುದು ಒಂದೇ ಸಂಗತಿ: ಕಾಲ್ಬೆರಳು ನೆಲ ಬಿಡುವ ಕ್ಷಣದಲ್ಲಿ ದೇಹ ಎಷ್ಟು ವೇಗದಲ್ಲಿ ಮೇಲಕ್ಕೆ ಹೋಗುತ್ತಿದೆ ಎಂಬುದು. ಆ ವೇಗವನ್ನು ಅದರಿಂದಲೇ ಗುಣಿಸಿ 19.62ರಿಂದ (ಗುರುತ್ವ ವೇಗವರ್ಧನೆಯಾದ 9.81ರ ಎರಡರಷ್ಟು) ಭಾಗಿಸಿದರೆ ಎತ್ತರ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. 28 ಸೆಂಟಿಮೀಟರ್ ಜಿಗಿಯಲು ಸೆಕೆಂಡಿಗೆ 2.34 ಮೀಟರ್ ವೇಗ ಬೇಕು. 35 ಸೆಂಟಿಮೀಟರ್ ಜಿಗಿಯಲು 2.62 ಮೀಟರ್. ಆದ್ದರಿಂದ ನಮ್ಮ ಪ್ರಶ್ನೆ ಇಷ್ಟಕ್ಕೆ ಇಳಿಯುತ್ತದೆ: ನೆಲದ ಮೇಲಿರುವ ಆ ಚಿಕ್ಕ ಅವಧಿಯಲ್ಲಿ ಇಷ್ಟು ವೇಗವನ್ನು ಗಳಿಸುವುದು ಹೇಗೆ?

ಒಂದು ಸರಳ ಲೆಕ್ಕ ನೋಡಿ. ಮಗಳು ಮಂಡಿ ಮಡಿಸಿ ಕೆಳಗಿಳಿದು, ಅಲ್ಲಿಂದ ಮೇಲೆದ್ದು ನೆಲ ಬಿಡುವವರೆಗೆ ಅವಳ ಗುರುತ್ವ ಕೇಂದ್ರ 35 ಸೆಂಟಿಮೀಟರ್ ಮೇಲೇರುತ್ತದೆ ಎಂದಿಟ್ಟುಕೊಳ್ಳೋಣ. ಈಗಿನ 28 ಸೆಂಟಿಮೀಟರ್ ಜಿಗಿತಕ್ಕೆ ಅವಳು ಆ ಹಾದಿಯುದ್ದಕ್ಕೂ ನೆಲವನ್ನು ಸರಾಸರಿ 90 ಕಿಲೋ ತೂಕಕ್ಕೆ ಸಮನಾದ ಬಲದಿಂದ ಒತ್ತುತ್ತಿದ್ದಾಳೆ. ಅದರಲ್ಲಿ 50 ಕಿಲೋ ಅವಳ ಸ್ವಂತ ತೂಕವನ್ನು ಹೊರುವುದಕ್ಕೇ ಹೋಗುತ್ತದೆ. ಉಳಿದ 40 ಮಾತ್ರ ವೇಗವಾಗಿ ಬದಲಾಗುತ್ತದೆ. ಈ ಒತ್ತುವಿಕೆಗೆ ಸಿಗುವ ಕಾಲ 0.30 ಸೆಕೆಂಡು. ಅವಳೇ 35 ಸೆಂಟಿಮೀಟರ್ ಜಿಗಿಯಬೇಕಾದರೆ ಸರಾಸರಿ ಬಲ 100 ಕಿಲೋಗೆ ಏರಬೇಕು. ಆಗ ಸಿಗುವ ಕಾಲ ಎಷ್ಟು? 0.27 ಸೆಕೆಂಡು. ವೇಗ ಹೆಚ್ಚಾದಂತೆ ಅದೇ 35 ಸೆಂಟಿಮೀಟರ್ ಹಾದಿ ಬೇಗ ಮುಗಿದುಹೋಗುತ್ತದೆ, ಹಾಗಾಗಿ ಕಾಲ ಹೆಚ್ಚುವ ಬದಲು ಕುಗ್ಗುತ್ತದೆ.

ಈ ಲೆಕ್ಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಜಿಗಿತದ ತರಬೇತಿಯ ಸಮಸ್ತ ಕಷ್ಟವೂ ಇಲ್ಲೇ ಇದೆ. ಹೆಚ್ಚು ಎತ್ತರ ಬೇಕೆಂದರೆ ಹೆಚ್ಚು ಬಲವನ್ನು ಇನ್ನೂ ಕಡಿಮೆ ಸಮಯದಲ್ಲಿ ಕೊಡಬೇಕು. ಸ್ನಾಯುವಿನ ಗುಣ ಇದಕ್ಕೆ ಎರಡು ಕಡೆಯಿಂದ ಅಡ್ಡ ಬರುತ್ತದೆ. ಸಡಿಲವಾಗಿರುವ ಸ್ನಾಯು ತನ್ನ ಗರಿಷ್ಠ ಬಲವನ್ನು ತಲುಪಲು 0.3 ಸೆಕೆಂಡಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಕಾಲು ನೆಲ ಬಿಟ್ಟಾಗಿರುತ್ತದೆ. ಎರಡನೆಯದನ್ನು ಬ್ರಿಟಿಷ್ ಶರೀರಕ್ರಿಯಾ ವಿಜ್ಞಾನಿ ಎ. ವಿ. ಹಿಲ್ 1938ರಲ್ಲಿ ಸಮೀಕರಣವಾಗಿಯೇ ಬರೆದುಕೊಟ್ಟರು: ಸ್ನಾಯು ಎಷ್ಟು ವೇಗವಾಗಿ ಕುಗ್ಗುತ್ತದೆಯೋ ಅಷ್ಟು ಕಡಿಮೆ ಬಲ ಕೊಡುತ್ತದೆ. ಜಿಗಿತದ ಕೊನೆಯಲ್ಲಿ, ಎಲ್ಲಕ್ಕಿಂತ ಹೆಚ್ಚು ವೇಗ ಇರುವಾಗ, ಸ್ನಾಯುವಿನ ಬಳಿ ಎಲ್ಲಕ್ಕಿಂತ ಕಡಿಮೆ ಬಲ ಉಳಿದಿರುತ್ತದೆ.

ಈಗ 200 ಜಿಗಿತಗಳನ್ನು ನೆನೆದುಕೊಳ್ಳಿ. ಮೊದಲ ಹತ್ತಿಪ್ಪತ್ತು ಚುರುಕಾಗಿರುತ್ತವೆ. ಅತಿ ಬೇಗ ಬಲ ಕೊಡುವ ಸ್ನಾಯುತಂತುಗಳು ಪೂರ್ಣ ಪ್ರಯತ್ನದಲ್ಲಿ ಮಾತ್ರ ಕೆಲಸಕ್ಕಿಳಿಯುತ್ತವೆ, ಮತ್ತು ಬೇಗ ದಣಿಯುವುದೂ ಅವೇ. ಅವು ಸೋತ ಮೇಲೆ ಉಳಿದ ನೂರೈವತ್ತಕ್ಕೂ ಹೆಚ್ಚು ಜಿಗಿತಗಳನ್ನು ನಿಧಾನದ ತಂತುಗಳು ಹೇಗೋ ಮುಗಿಸುತ್ತವೆ. ನಿಮ್ಮ ಮಗಳು ಎರಡು ತಿಂಗಳು ಪಟ್ಟ ಶ್ರಮದ ಬಹುಪಾಲು ನಿಧಾನವಾಗಿ, ತಗ್ಗಾಗಿ ಜಿಗಿಯುವುದನ್ನು ದೇಹಕ್ಕೆ ಕಲಿಸಲು ಹೋಗಿದೆ. ಇಷ್ಟು ಶ್ರದ್ಧೆಯ ಮಗುವಿನ ಶ್ರಮ ಹೀಗೆ ಪೋಲಾಗುವುದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಪುಣೆಯಲ್ಲಿ ನನ್ನ ಬಳಿ ಬರುವ ಕಬಡ್ಡಿ, ಖೋ-ಖೋ, ಬ್ಯಾಸ್ಕೆಟ್‌ಬಾಲ್ ಮಕ್ಕಳಲ್ಲೂ ಇದೇ ಕಥೆ.

ಸಡಿಲ ಸ್ನಾಯುವಿನ ತೊಡಕಿಗೆ ದೇಹ ತಾನೇ ಒಂದು ದಾರಿ ಕಂಡುಕೊಂಡಿದೆ. ಜಿಗಿಯುವ ಮೊದಲು ಯಾರೂ ಹೇಳಿಕೊಡದಿದ್ದರೂ ನಾವೆಲ್ಲ ಒಮ್ಮೆ ಸರಕ್ಕನೆ ಕೆಳಗಿಳಿಯುತ್ತೇವೆ. ಅರೆಕುಳಿತು, ಹಾಗೆಯೇ ಎರಡು ಸೆಕೆಂಡು ನಿಂತು, ಅಲ್ಲಿಂದ ಜಿಗಿದು ನೋಡಿದರೆ ಎತ್ತರ ಕೆಲವು ಸೆಂಟಿಮೀಟರ್ ಕಡಿಮೆಯಾಗುತ್ತದೆ. ಇಳಿಯುವಾಗ ಸ್ನಾಯುರಜ್ಜುಗಳು ರಬ್ಬರಿನ ಹಾಗೆ ಹಿಗ್ಗಿ ಶಕ್ತಿ ಕೂಡಿಟ್ಟುಕೊಳ್ಳುತ್ತವೆ, ಅದೇ ಹಿಂದಿರುಗುತ್ತದೆ ಎಂದು ಬಹುಕಾಲ ವಿವರಿಸಲಾಗುತ್ತಿತ್ತು. ಅದರಲ್ಲಿ ಸತ್ಯವಿದೆ, ಆದರೆ ಮುಖ್ಯ ಕಾರಣ ಬೇರೆ ಎಂದು ಮಾರ್ಟನ್ ಬಾಬರ್ಟ್ ಮತ್ತು ಅವರ ಡಚ್ ಸಂಗಡಿಗರು 1996ರಲ್ಲಿ ವಾದಿಸಿದರು. ನನಗೆ ಅವರ ವಾದ ಸರಿಯೆನಿಸುತ್ತದೆ. ನಮ್ಮೂರ ತೇರಿನ ಹಗ್ಗ ನೆಲದ ಮೇಲೆ ಸಡಿಲವಾಗಿ ಬಿದ್ದಿದ್ದರೆ ಎಳೆಯುವವರ ಮೊದಲ ಹೆಜ್ಜೆಗಳೆಲ್ಲ ಅದನ್ನು ಬಿಗಿ ಮಾಡುವುದರಲ್ಲೇ ಮುಗಿಯುತ್ತವೆ, ತೇರು ಅಲುಗುವುದಿಲ್ಲ. ನಿಂತಲ್ಲಿಂದ ಜಿಗಿಯುವಾಗ ಆಗುವುದು ಅದೇ. ಕೆಳಗಿಳಿಯುತ್ತಿರುವ ದೇಹವನ್ನು ತಡೆದು ನಿಲ್ಲಿಸುವಾಗಲಾದರೋ ಸ್ನಾಯುಗಳು ಆಗಲೇ ಪೂರ್ತಿ ಬಿಗಿದುಕೊಂಡಿರುತ್ತವೆ, ಮೇಲ್ಮುಖ ಚಲನೆಯ ಮೊದಲ ಸೆಂಟಿಮೀಟರಿನಿಂದಲೇ ದೊಡ್ಡ ಬಲ ಸಿಗುತ್ತದೆ. ಆದ್ದರಿಂದ ಇಳಿಯುವುದರಲ್ಲಿ ಚುರುಕಿರಬೇಕು, ತಳದಲ್ಲಿ ತಂಗಬಾರದು. ಮಗಳ ಜಿಗಿತವನ್ನು ಪಕ್ಕದಿಂದ ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿ. ತಳದಲ್ಲಿ ಒಂದು ಕ್ಷಣ ನಿಂತಂತೆ ಕಂಡರೆ ಅದನ್ನು ತಿದ್ದುವುದರಿಂದಲೇ ಲಾಭ ಆರಂಭವಾಗುತ್ತದೆ.

ಕೈಗಳ ಪಾತ್ರವನ್ನು ನಮ್ಮಲ್ಲಿ ಬಹಳ ಕಡೆಗಣಿಸುತ್ತಾರೆ. ಎರಡೂ ಕೈಗಳನ್ನು ಹಿಂದಿನಿಂದ ಜೋರಾಗಿ ಬೀಸಿ ಮೇಲೆತ್ತಿದರೆ ಎತ್ತರ ಶೇಕಡಾ 10ರಷ್ಟು, ಚೆನ್ನಾಗಿ ಕಲಿತವರಲ್ಲಿ ಅದಕ್ಕೂ ಹೆಚ್ಚು ಏರುತ್ತದೆ. ಕೈ ಮೇಲಕ್ಕೆ ಚಿಮ್ಮುವಾಗ ಭುಜದ ಮೂಲಕ ಮುಂಡವನ್ನು ಕೆಳಕ್ಕೆ ಒತ್ತುತ್ತದೆ. ಕಾಲಿನ ಸ್ನಾಯುಗಳು ಆಗ ಸ್ವಲ್ಪ ನಿಧಾನವಾಗಿ ಕುಗ್ಗಬೇಕಾಗುತ್ತದೆ, ಮತ್ತು ಹಿಲ್ ಹೇಳಿದಂತೆ ನಿಧಾನವಾಗಿ ಕುಗ್ಗುವ ಸ್ನಾಯು ಹೆಚ್ಚು ಬಲ ಕೊಡುತ್ತದೆ. ಜೊತೆಗೆ ಬೀಸಿದ ಕೈಗಳಲ್ಲಿದ್ದ ಶಕ್ತಿಯೂ ಕೊನೆಯಲ್ಲಿ ದೇಹಕ್ಕೆ ಸೇರುತ್ತದೆ. ಸ್ಪೈಕ್‌ಗೆ (ಜಿಗಿದು ಚೆಂಡನ್ನು ನೆಟ್ ದಾಟಿಸಿ ಕೆಳಕ್ಕೆ ಬಲವಾಗಿ ಹೊಡೆಯುವುದಕ್ಕೆ) ಓಡಿಬರುವಾಗ ಎರಡು ಕೈಗಳೂ ಹಿಂದಕ್ಕೆ ಪೂರ್ತಿ ಹೋಗುತ್ತಿವೆಯೇ ಎಂದು ಗಮನಿಸಿ. ಶಾಲಾ ತಂಡಗಳ ಹುಡುಗಿಯರಲ್ಲಿ ಹೊಡೆಯುವ ಕೈ ಮಾತ್ರ ಕೆಲಸ ಮಾಡುವುದನ್ನು ಎಷ್ಟೋ ಕಡೆ ಕಾಣುತ್ತೇನೆ.

ಮೀನಖಂಡದ ಪ್ರಶ್ನೆಗೆ ಬರುತ್ತೇನೆ. ಜಿಗಿತದ ಒಟ್ಟು ಕೆಲಸದಲ್ಲಿ ಕಣಕಾಲಿನ ಪಾಲು ಸುಮಾರು ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಮಂಡಿ ಮತ್ತು ಸೊಂಟದ ಕೀಲುಗಳದ್ದು, ಅಂದರೆ ತೊಡೆ ಮತ್ತು ಪೃಷ್ಠದ ಸ್ನಾಯುಗಳದ್ದು. ಆ ಕಾಲು ಭಾಗ ಕೂಡ ಪೂರ್ತಿಯಾಗಿ ಮೀನಖಂಡ ದುಡಿದದ್ದಲ್ಲ. ಮೀನಖಂಡದ ಹೊರಗಿನ ದೊಡ್ಡ ಸ್ನಾಯು ಮಂಡಿಯ ಮೇಲೆ, ತೊಡೆ ಎಲುಬಿನ ಹಿಂಭಾಗದಲ್ಲಿ ಹುಟ್ಟಿ ಹಿಮ್ಮಡಿಯಲ್ಲಿ ಕೊನೆಯಾಗುತ್ತದೆ. ಎರಡು ಕೀಲುಗಳನ್ನು ದಾಟುವ ಸ್ನಾಯು ಅದು. ತೊಡೆಯ ಸ್ನಾಯುಗಳು ಮಂಡಿಯನ್ನು ನೇರಮಾಡುವಾಗ ಈ ಸ್ನಾಯು ಬಿಗಿಯಾಗಿದ್ದರೆ, ಮಂಡಿ ನೇರವಾಗುವ ಚಲನೆಯೇ ಹಿಮ್ಮಡಿಯನ್ನು ಮೇಲಕ್ಕೆ ಎಳೆಯುತ್ತದೆ. ತೊಡೆ ಮಾಡಿದ ಕೆಲಸ ಪಾದದಲ್ಲಿ ಕಾಣಿಸಿಕೊಳ್ಳುತ್ತದೆ. ದೇಹದ ಈ ಏರ್ಪಾಡು ಎಷ್ಟು ಸೊಗಸಾದದ್ದೆಂದರೆ, ವರ್ಷಗಳಿಂದ ಪಾಠ ಮಾಡುತ್ತಿದ್ದರೂ ಇದನ್ನು ವಿವರಿಸುವಾಗ ನನಗೆ ಪ್ರತಿ ಸಲವೂ ಬೆರಗಾಗುತ್ತದೆ. ಮಂಡಿ ಪೂರ್ತಿ ನೇರವಾಗುವ ಹೊತ್ತಿಗೆ ಅದರ ತಿರುಗುವಿಕೆ ದೇಹವನ್ನು ಮೇಲೆತ್ತಲು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಆ ಕೊನೆಯ ಗಳಿಗೆಯ ಶಕ್ತಿ ವ್ಯರ್ಥವಾಗದಂತೆ ಇದೇ ಸ್ನಾಯು ಅದನ್ನು ಕಣಕಾಲಿಗೆ ದಾಟಿಸುತ್ತದೆ.

ಹೀಗಾಗಿ ಕೀಲುಗಳು ತೆರೆದುಕೊಳ್ಳುವ ಸರದಿ ಮುಖ್ಯ. ಮೊದಲು ಸೊಂಟ, ನಂತರ ಮಂಡಿ, ಕೊನೆಗೆ ಕಣಕಾಲು. ಹಿಮ್ಮಡಿ ಬೇಗ ಎದ್ದರೆ ಕಣಕಾಲು ತನ್ನ ಪಾಲನ್ನು ಮೊದಲೇ ಖರ್ಚು ಮಾಡಿಬಿಟ್ಟಿರುತ್ತದೆ. ಮಂಡಿಚಿಪ್ಪಿನ ರಜ್ಜಿಗೆ ನೋವಿರುವ ಮಕ್ಕಳು ಸಾಮಾನ್ಯವಾಗಿ ಸೊಂಟವನ್ನು ಹಿಂದಕ್ಕೆ ಮಡಿಸುವುದೇ ಇಲ್ಲ. ಮುಂಡವನ್ನು ಕಂಬದ ಹಾಗೆ ನೆಟ್ಟಗಿಟ್ಟು ಮಂಡಿಯನ್ನು ಮಾತ್ರ ಮುಂದಕ್ಕೆ ತಳ್ಳಿ ಕೆಳಗಿಳಿಯುತ್ತಾರೆ. ದೇಹದ ಅತಿ ದೊಡ್ಡ ಸ್ನಾಯುಗಳಾದ ಪೃಷ್ಠದ ಸ್ನಾಯುಗಳು ಸುಮ್ಮನಿರುತ್ತವೆ, ಹೊರೆಯೆಲ್ಲ ಮಂಡಿಯ ರಜ್ಜಿಗೆ ಬೀಳುತ್ತದೆ. ಎತ್ತರ ಸಿಗದಿರುವುದಕ್ಕೂ ನೋವು ಬಂದಿರುವುದಕ್ಕೂ ಒಂದೇ ಕಾರಣವಿರುವುದು ಅಪರೂಪವಲ್ಲ.

ಇಷ್ಟು ಓದಿದ ಮೇಲೆ ಜಿಮ್‌ಗೆ ಸೇರಿಸಿ ತೊಡೆ, ಪೃಷ್ಠ ಬಲಪಡಿಸಿದರೆ ಸಾಕು ಎನಿಸಬಹುದು. ಬಲ ಬೇಕೇ ಬೇಕು. ಆದರೆ ಬಾಬರ್ಟ್ ಮತ್ತು ವಾನ್ ಸೂಸ್ಟ್ 1994ರಲ್ಲಿ ಕಂಪ್ಯೂಟರಿನೊಳಗೆ ಒಂದು ಜಿಗಿಯುವ ದೇಹದ ಮಾದರಿ ಕಟ್ಟಿ ಮಾಡಿದ ಪ್ರಯೋಗವನ್ನು ಪ್ರತಿ ತರಬೇತುದಾರರೂ ತಿಳಿದಿರಬೇಕು. ಅವರು ಮಾದರಿಯ ಸ್ನಾಯುಗಳ ಬಲ ಹೆಚ್ಚಿಸಿದರು, ಆದರೆ ಆ ಸ್ನಾಯುಗಳಿಗೆ ಹೋಗುವ ಆಜ್ಞೆಗಳ ಸಮಯವನ್ನು ಹಳೆಯದೇ ಇರಲು ಬಿಟ್ಟರು. ಜಿಗಿತ ಹೆಚ್ಚುವ ಬದಲು ಕಡಿಮೆಯಾಯಿತು. ಹೊಸ ಬಲಕ್ಕೆ ತಕ್ಕಂತೆ ಆಜ್ಞೆಗಳ ಸಮಯವನ್ನೂ ಹೊಂದಿಸಿದಾಗ ಮಾತ್ರ ಎತ್ತರ ಏರಿತು. ಬಲದ ವ್ಯಾಯಾಮ ಮತ್ತು ಜಿಗಿತದ ಅಭ್ಯಾಸ ಕೈಹಿಡಿದು ಸಾಗಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ನನಗೆ ಗೊತ್ತಿಲ್ಲ. ಒಂದು ಋತು ಪೂರ್ತಿ ಜಿಮ್‌ನಲ್ಲಿ ಕಳೆದು, ಪಂದ್ಯದ ಹಿಂದಿನ ವಾರ ಅಂಕಣಕ್ಕೆ ಮರಳುವವರು ತಮ್ಮ ಹೊಸ ಕಾಲುಗಳನ್ನು ಬಳಸಲು ಕಲಿತಿರುವುದೇ ಇಲ್ಲ.

ನಿಮ್ಮ ಯಜಮಾನರ ಮಾತಿನಲ್ಲಿ ಸತ್ಯಾಂಶವಿದೆ. ವೇಗದ ತಂತುಗಳು ಸ್ನಾಯುವಿನಲ್ಲಿ ಎಷ್ಟಿವೆ, ಕಾಲಿನ ಎಲುಬುಗಳು ಎಷ್ಟು ಉದ್ದ ಎಂಬುದೆಲ್ಲ ಬಹುಮಟ್ಟಿಗೆ ತಂದೆತಾಯಿಯಿಂದ ಬರುತ್ತದೆ. ಆದರೆ ಗಂಡುಮಕ್ಕಳ ಅನುಭವವನ್ನು ಹೆಣ್ಣುಮಕ್ಕಳಿಗೆ ಅನ್ವಯಿಸುವಾಗ ಒಂದು ಎಚ್ಚರ ಬೇಕು. ಹರೆಯಕ್ಕೆ ಬಂದಾಗ ಹುಡುಗರಲ್ಲಿ ಸ್ನಾಯು ತಾನಾಗಿ ಬೆಳೆಯುತ್ತದೆ, ವಿಶೇಷ ತರಬೇತಿ ಇಲ್ಲದಿದ್ದರೂ ಜಿಗಿತ ವರ್ಷವರ್ಷವೂ ಏರುತ್ತದೆ. ಹುಡುಗಿಯರಲ್ಲಿ ತೂಕ ಹೆಚ್ಚುತ್ತದೆ, ಸ್ನಾಯು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಜಿಗಿತ ಒಂದೆಡೆ ನಿಂತುಬಿಡುತ್ತದೆ. ಹುಡುಗರಿಗೆ ಪ್ರಕೃತಿ ಕೊಟ್ಟದ್ದನ್ನು ಹುಡುಗಿಯರು ಬಲದ ವ್ಯಾಯಾಮದಿಂದ ಗಳಿಸಬೇಕಾಗುತ್ತದೆ. ಆದರೆ ನಮ್ಮ ಶಾಲೆಗಳಲ್ಲಿ ಅವರಿಗೇ ಅದನ್ನು ಕಡಿಮೆ ಮಾಡಿಸುತ್ತಾರೆ. ಇದು ಬದಲಾಗಲೇಬೇಕು. ಭಾರ ಎತ್ತಿದರೆ ಹುಡುಗಿಯರ ಎತ್ತರ ನಿಂತುಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಸರಿಯಾದ ಮೇಲ್ವಿಚಾರಣೆ ಇದ್ದರೆ 15ರ ವಯಸ್ಸಿಗೆ ಅದು ಸುರಕ್ಷಿತ.

ಮೂರು ಕಿಲೋ ಇಳಿಸುವ ಸಲಹೆಯನ್ನು ಕೈಬಿಡಿ. ಬೆಳೆಯುವ, ಮುಟ್ಟಾಗುವ, ದಿನವೂ ಆಡುವ ಹುಡುಗಿ ಊಟ ಕಡಿಮೆ ಮಾಡಿದರೆ ತೂಕದ ಜೊತೆ ಸ್ನಾಯುವೂ ಹೋಗುತ್ತದೆ, ಎಲುಬೂ ಸೊರಗುತ್ತದೆ. ಮುಟ್ಟು ತಿಂಗಳುಗಟ್ಟಲೆ ತಪ್ಪಿದರೆ ಅದನ್ನು ಆಟದ ದಣಿವೆಂದು ಭಾವಿಸದೆ ವೈದ್ಯರಿಗೆ ತಿಳಿಸಿ.

ಗೋಡೆಯ 40 ಮತ್ತು ಮೊಬೈಲಿನ 28, ಎರಡೂ ಸರಿಯಿರಬಹುದು, ಅವು ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತವೆ. ನಿಂತಾಗಿನ ಎಟುಕಿಗೂ ಜಿಗಿದಾಗಿನ ಎಟುಕಿಗೂ ಇರುವ ಅಂತರವನ್ನು ಗೋಡೆ ತೋರಿಸುತ್ತದೆ. ಅಮೆರಿಕದ ವ್ಯಾಯಾಮ ಶಿಕ್ಷಕ ಡಡ್ಲಿ ಸಾರ್ಜೆಂಟ್ 1921ರಲ್ಲಿ ಪ್ರಚುರಪಡಿಸಿದ್ದರಿಂದ ನಿಂತು ಜಿಗಿಯುವ ಪರೀಕ್ಷೆಗೆ ಅವರ ಹೆಸರೇ ಉಳಿದಿದೆ. ಇದರಲ್ಲಿ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತಾಗಲೇ ಸಿಗುವ ಎತ್ತರವೂ ಕೈಬೀಸಿನ ಲಾಭವೂ ಸೇರಿಕೊಂಡಿವೆ. ಮೊಬೈಲ್ ಲೆಕ್ಕ ಹಾಕುವುದು ಕಾಲು ಗಾಳಿಯಲ್ಲಿದ್ದ ಸಮಯದಿಂದ, ಅಂದರೆ ನೆಲ ಬಿಟ್ಟ ನಂತರದ ಏರಿಕೆ ಮಾತ್ರ, ಅದೂ ಕೈಯ ಸಹಾಯವಿಲ್ಲದೆ. 28 ಸೆಂಟಿಮೀಟರ್ ಜಿಗಿತಕ್ಕೆ ಕಾಲು ಗಾಳಿಯಲ್ಲಿರುವುದು ಸುಮಾರು 0.48 ಸೆಕೆಂಡು. ಸೆಕೆಂಡಿಗೆ 30 ಚಿತ್ರಗಳ ಸಾಮಾನ್ಯ ವಿಡಿಯೋದಲ್ಲಿ ಒಂದೇ ಚಿತ್ರ ಹೆಚ್ಚುಕಡಿಮೆಯಾದರೂ ಎತ್ತರದಲ್ಲಿ ಸುಮಾರು 4 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. 240 ಚಿತ್ರಗಳ ನಿಧಾನಗತಿಯಲ್ಲಿ ತೆಗೆದರೆ ಆ ತಪ್ಪು ಅರ್ಧ ಸೆಂಟಿಮೀಟರಿಗೆ ಇಳಿಯುತ್ತದೆ. ಇಳಿಯುವಾಗ ಮಂಡಿ ಮಡಿಸಿದರೆ ಗಾಳಿಯಲ್ಲಿರುವ ಸಮಯ ಸುಳ್ಳಾಗಿ ಹೆಚ್ಚುತ್ತದೆ, ಅಳತೆಯ ದಿನ ಕಾಲು ಎತ್ತುವಾಗ ಇದ್ದಂತೆಯೇ ಇಳಿಯಲಿ, ನೆಲ ತಾಕಿದ ಮೇಲೆ ಮಡಿಸಲಿ. ಯಾವುದಾದರೂ ಒಂದು ವಿಧಾನವನ್ನು ಹಿಡಿದುಕೊಳ್ಳಿ, ತಿಂಗಳಿಗೊಮ್ಮೆ ಅಳೆಯಿರಿ. ಮೂರು ಜಿಗಿತಗಳಲ್ಲಿ ಉತ್ತಮವಾದುದನ್ನು ಬರೆದಿಡಿ.

ಇಳಿಯುವುದನ್ನು ಅಭ್ಯಾಸದಲ್ಲಿ ಜಿಗಿಯುವುದರಷ್ಟೇ ಗಂಭೀರವಾಗಿ ಕಲಿಸಬೇಕು. ಮೇಲಿನದೇ ಲೆಕ್ಕವನ್ನು ತಿರುಗಿಸಿ ನೋಡಿ. 28 ಸೆಂಟಿಮೀಟರಿನಿಂದ ಬಿದ್ದ ದೇಹವನ್ನು 10 ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ ಕಾಲುಗಳ ಮೇಲೆ ಸರಾಸರಿ 190 ಕಿಲೋ ಬೀಳುತ್ತದೆ. ಸೊಂಟ, ಮಂಡಿ, ಕಣಕಾಲು ಮೂರನ್ನೂ ಮಡಿಸಿ 35 ಸೆಂಟಿಮೀಟರಿನುದ್ದಕ್ಕೂ ತಡೆದರೆ ಅದೇ 90 ಕಿಲೋಗೆ ಇಳಿಯುತ್ತದೆ. ಸರಾಸರಿಯೇ ಹೀಗಿರುವಾಗ ನೆಲ ತಾಕಿದ ಕ್ಷಣದ ಗರಿಷ್ಠ ಬಲ ಇನ್ನೂ ಹೆಚ್ಚು. ದಿನಕ್ಕೆ 200 ಸಲ ಬಿರುಸಾಗಿ ಇಳಿದ ಮಂಡಿ ನೋಯದೆ ಇದ್ದರೆ ಆಶ್ಚರ್ಯ. ಎದುರಿನಿಂದಲೂ ಒಮ್ಮೆ ಚಿತ್ರೀಕರಿಸಿ. ಇಳಿಯುವಾಗ ಎರಡು ಮಂಡಿಗಳು ಒಳಕ್ಕೆ ವಾಲುತ್ತಿದ್ದರೆ ಅದನ್ನು ಮೊದಲು ತಿದ್ದಿ, ಉಳಿದುದೆಲ್ಲ ನಂತರ. ಮಂಡಿಯೊಳಗಿನ ಮುಖ್ಯ ಅಸ್ಥಿಬಂಧ ಹರಿಯುವ ಅಪಾಯ ಒಂದೇ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು, ಹೀಗೆ ಒಳವಾಲುವುದು ಅದರ ಒಂದು ದಾರಿ. ಮುಂಬೈ ಕಡೆಯ ತಾರಸಿಗಳ ಚೀನೀ ಹೆಂಚಿನ ಚೂರುಗಳ ಹಾಸು ಗಟ್ಟಿಯೂ ಹೌದು, ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುವುದೂ ಹೌದು. ಅಲ್ಲಿ ಜಿಗಿಯುವುದು ಬೇಡ.

ಮೆಟ್ಟಿಲು ಹತ್ತುವುದರಿಂದ ದಮ್ಮು ಬೆಳೆಯುತ್ತದೆ, ಜಿಗಿತಕ್ಕೆ ಬೇಕಾದ ಚುರುಕು ಬೆಳೆಯುವುದಿಲ್ಲ. ಕಾಲಿಗೆ ಕಟ್ಟಿದ ಭಾರ ಚಲನೆಯ ಲಯವನ್ನೇ ಕೆಡಿಸುತ್ತದೆ. ಕೋಲ್ವಾ ಮರಳಿನ ಮೇಲೆ ಧಾರಾಳವಾಗಿ ಆಡಲಿ. ಮರಳು ಕುಸಿದು ಇಳಿಯುವ ಪೆಟ್ಟನ್ನು ತಾನೇ ನುಂಗುವುದರಿಂದ ಮಂಡಿಗೆ ಹಿತ. ಆದರೆ ಒತ್ತುವ ಬಲವನ್ನೂ ಅದು ಹಾಗೆಯೇ ನುಂಗುತ್ತದೆ, ಎತ್ತರ ಕಡಿಮೆ ಬರುತ್ತದೆ, ನೆಲದಿಂದ ಥಟ್ಟನೆ ಚಿಮ್ಮುವ ಪಾಠ ಅಲ್ಲಿ ಸಿಗುವುದಿಲ್ಲ. ಅಲ್ಲಿನ ಅಳತೆಯನ್ನು ಅಂಕಣದ ಅಳತೆಗೆ ಹೋಲಿಸಿ ಬೇಸರ ಪಡಬೇಡಿ.

ಹಾಗಾದರೆ ಏನು ಮಾಡಬೇಕು? ನೋವು ಇಳಿದ ಮೇಲೆ ವಾರಕ್ಕೆ ಎರಡು ದಿನ, ನಡುವೆ ಬಿಡುವಿಟ್ಟು, ಬಲದ ವ್ಯಾಯಾಮ: ಬೈಠಕ್, ಒಂದು ಕಾಲು ಮುಂದಿಟ್ಟು ಮಂಡಿ ಮಡಿಸುವುದು, ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು. ಮೊದಲ ತಿಂಗಳು ಬರಿಮೈಯಲ್ಲಿ, ಭಂಗಿ ಸರಿಯಾದ ಮೇಲೆ ನಿಧಾನವಾಗಿ ಭಾರ ಸೇರಿಸಿ. ಅದೇ ದಿನಗಳಲ್ಲಿ, ಬಲದ ವ್ಯಾಯಾಮಕ್ಕೂ ಮೊದಲು, ಮೈ ಬೆಚ್ಚಗಾದ ಮೇಲೆ ಜಿಗಿತ. ಒಂದು ಸುತ್ತಿಗೆ ಐದೇ ಜಿಗಿತ, ಪ್ರತಿಯೊಂದೂ ಪೂರ್ಣ ಪ್ರಯತ್ನದ್ದು, ಸುತ್ತುಗಳ ನಡುವೆ ಎರಡು ನಿಮಿಷ ವಿಶ್ರಾಂತಿ. ನಾಲ್ಕೈದು ಸುತ್ತು ಸಾಕು. ಎತ್ತರ ಇಳಿಯುವುದು ಕಂಡ ಕೂಡಲೇ ಅಂದಿನ ಅಭ್ಯಾಸ ಮುಗಿಯಿತು. ಎತ್ತರದ ಪೆಟ್ಟಿಗೆಯಿಂದ ಹಾರಿ ಬಿದ್ದು ಮತ್ತೆ ಜಿಗಿಯುವ ವಿಧಾನವನ್ನು ಸೋವಿಯತ್ ತರಬೇತುದಾರ ಯೂರಿ ವೆರ್ಖೋಶಾನ್ಸ್ಕಿ ಚೆನ್ನಾಗಿ ಬಲಗೊಂಡ ಕ್ರೀಡಾಪಟುಗಳಿಗಾಗಿ ರೂಪಿಸಿದ್ದು. ನಿಮ್ಮ ಮಗಳಿಗೆ ಈಗ ಅದು ಬೇಡ. ಶಾಲೆಯ ಆಟದಲ್ಲಿ ಅವಳು ಹೇಗೂ ಹತ್ತಾರು ಸಲ ಜಿಗಿಯುತ್ತಾಳೆ, ಅದೂ ಲೆಕ್ಕಕ್ಕೆ ಸೇರುತ್ತದೆ ಎಂದು ತರಬೇತುದಾರರಿಗೆ ವಿನಯದಿಂದಲೇ ಹೇಳಿ.

ಫಲ ಎಷ್ಟು ಎಂಬುದರಲ್ಲಿ ಪ್ರಾಮಾಣಿಕವಾಗಿರಬೇಕು. ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದ 2007ರ ಒಂದು ವಿಶ್ಲೇಷಣೆಯ ಪ್ರಕಾರ ಜಿಗಿತದ ತರಬೇತಿಯಿಂದ ಎತ್ತರ ಶೇಕಡಾ 5ರಿಂದ 9ರಷ್ಟು ಏರುತ್ತದೆ. ಅಂದರೆ 28 ಇದ್ದದ್ದು ಕೆಲವು ತಿಂಗಳಲ್ಲಿ 30ರ ಹತ್ತಿರ ಬರಬಹುದು. ನಾನು ಲೆಕ್ಕಕ್ಕೆ ತೆಗೆದುಕೊಂಡ 35 ಎಂಬುದು ವರ್ಷಗಳ ಗುರಿ. ಎಂಟು ವಾರದಲ್ಲಿ ಹತ್ತು ಅಂಗುಲ ಹೆಚ್ಚಿಸುತ್ತೇವೆ ಎನ್ನುವ ಜಾಹೀರಾತುಗಳಿಗೆ ಹಣ ಕೊಡಬೇಡಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಸಂಗತಿ. ಸ್ಪೈಕ್ ನೆಟ್‌ಗೆ ಬೀಳುತ್ತಿದೆ ಎಂದ ಮಾತ್ರಕ್ಕೆ ಜಿಗಿತ ಸಾಲದು ಎಂದು ತೀರ್ಮಾನಿಸಬೇಡಿ. ಗಾಳಿಯಲ್ಲಿರುವ ಕಾಲದ ನೂರಕ್ಕೆ 71ರಷ್ಟನ್ನು ದೇಹ ತನ್ನ ಜಿಗಿತದ ಮೇಲಿನ ಅರ್ಧದಲ್ಲಿ ಕಳೆಯುತ್ತದೆ. ಒಳ್ಳೆಯ ಆಟಗಾರರು ಗಾಳಿಯಲ್ಲಿ ನಿಂತು ಹೊಡೆದಂತೆ ಕಾಣುವುದು ಇದರಿಂದಲೇ. ಭಾರತದ ಹೆಸರಾಂತ ವಾಲಿಬಾಲ್ ಆಟಗಾರ ಜಿಮ್ಮಿ ಜಾರ್ಜ್ ಅವರ ಆಟ ಕಂಡಿದ್ದ ಹಿರಿಯರು ಹಾಗೆಯೇ ವರ್ಣಿಸುತ್ತಿದ್ದರು. ಆದರೆ ಆ ಮೇಲ್ತುದಿಯನ್ನು ತಪ್ಪಿಸಿಕೊಂಡರೆ ನಷ್ಟ ಬಹಳ ಬೇಗ ಬೆಳೆಯುತ್ತದೆ. ತುದಿ ತಲುಪುವುದಕ್ಕೆ 0.15 ಸೆಕೆಂಡು ಮೊದಲು ಅಥವಾ ನಂತರ ಚೆಂಡು ಹೊಡೆದರೆ ದೇಹ 11 ಸೆಂಟಿಮೀಟರ್ ಕೆಳಗಿರುತ್ತದೆ. ಯಾವ ತರಬೇತಿಯೂ ಒಂದು ವರ್ಷದಲ್ಲಿ ಇಷ್ಟು ಎತ್ತರ ಗಳಿಸಿಕೊಡಲಾರದು. 240 ಚಿತ್ರಗಳ ವಿಡಿಯೋದಲ್ಲಿ ಅವಳ ಒಂದು ಸ್ಪೈಕನ್ನು ಪಕ್ಕದಿಂದ ತೆಗೆಯಿರಿ. ಕಾಲು ನೆಲ ಬಿಟ್ಟ ಚಿತ್ರ ಮತ್ತು ನೆಲ ತಾಕಿದ ಚಿತ್ರ, ಇವೆರಡರ ನಟ್ಟನಡುವಿನ ಚಿತ್ರವನ್ನು ಹುಡುಕಿ, ಅದೇ ಮೇಲ್ತುದಿ. ಕೈ ಚೆಂಡಿಗೆ ತಗಲಿದ ಚಿತ್ರ ಅದರಿಂದ ಎಷ್ಟು ಹಿಂದೆ ಅಥವಾ ಮುಂದೆ ಇದೆ ಎಂದು ಎಣಿಸಿ. ಹತ್ತು ಸ್ಪೈಕ್‌ಗಳಲ್ಲಿ ಹೆಚ್ಚಿನವು 20 ಚಿತ್ರಗಳಿಗಿಂತ ದೂರವಿದ್ದರೆ ಅವಳ ತೊಂದರೆ ಇರುವುದು ಓಟವನ್ನು ಯಾವಾಗ ಶುರು ಮಾಡುತ್ತಾಳೆ ಎಂಬುದರಲ್ಲಿ. ಅದನ್ನು ಸೆಟ್ ಮಾಡುವ, ಅಂದರೆ ಹೊಡೆಯಲು ಚೆಂಡನ್ನು ಎತ್ತಿಕೊಡುವ, ಹುಡುಗಿಯ ಜೊತೆ ನಿಂತು ಅಂಕಣದಲ್ಲೇ ತಿದ್ದಬೇಕು, ಮತ್ತು ಮಂಡಿ ಪೂರ್ತಿ ಗುಣವಾಗುವವರೆಗೆ ಕಾಯದೆ, ಓಟದ ಹೆಜ್ಜೆಗಳನ್ನು ಮಾತ್ರ ಇಟ್ಟು, ಜಿಗಿಯದೆಯೇ ಅದನ್ನು ಆರಂಭಿಸಬಹುದು.